ಒಂಬತ್ತನೇ ಹಾಸಿಗೆಯ ಫಾರ್ಮು

ಮೀನಾಕ್ಷಿ ಒಂಬತ್ತನೇ ಹಾಸಿಗೆಯ ತಿಮ್ಮವ್ವನ ತಲೆ ಬಾಚಿದಳು. ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ನರೆತ ಕೂದಲಿಗೆ ಸಣ್ಣ ಜಡೆ ಹಾಕಿದಳು. ದಿನವೂ ಅವಳ ಕೆಲಸ ಅಲ್ಲಿಂದಲೇ ಶುರು. ಆಮೇಲೆ ಉಳಿದವರು. ಒಬ್ಬರಿಗೆ ಬಿಸಿನೀರು, ಇನ್ನೊಬ್ಬರಿಗೆ ಬೆಡ್‌ಪ್ಯಾನು, ಅಳುವವರ ಪಕ್ಕದಲ್ಲಿ ಒಂದು ನಿಮಿಷ.

"ರೌಂಡ್ಸ್ ಟೈಮಾತು! ಪೇಷಂಟ್ ಕಡೆಯೋರೆಲ್ಲ ಹೊರಗೆ ನಡೀರಿ!"

ಕೂಗಿದ್ದು ದ್ರಾಕ್ಷಾಯಣಮ್ಮ ಸಿಸ್ಟರ್. ಅವರು ಈ ವಾರ್ಡಿಗೆ ಬಂದು ನಾಲ್ಕೇ ದಿನ. ಜನ ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟರು. ಮೀನಾಕ್ಷಿ ಪೊರಕೆ ಎತ್ತಿಕೊಂಡಳು.

ದೊಡ್ಡ ಡಾಕ್ಟರು ನರಳುವವರ ಹತ್ತಿರ ನಿಂತರು, ಬೈಯುವವರ ಹತ್ತಿರ ಇನ್ನೂ ಹೆಚ್ಚು ಹೊತ್ತು ನಿಂತರು. ತಿಮ್ಮವ್ವ ಮುರಿದ ಸೊಂಟ ಇಟ್ಟುಕೊಂಡು, ತೊಳೆದ ಮುಖದಲ್ಲಿ ಸುಮ್ಮನೆ ಮಲಗಿದ್ದಳು.

"ಇವರು ಆರಾಮಾಗೇ ಇದ್ದಾರಲ್ಲ," ಎಂದು ಡಾಕ್ಟರು ಮುಂದೆ ಹೋದರು.

"ಸಿಸ್ಟರ್, ಒಂಬತ್ತರ ಆಪರೇಷನ್ ಯಾವಾಗ್ರಿ?" ಈ ಸಿಸ್ಟರ್ ಬರುವ ಮೊದಲಿಂದಲೂ, ಆರು ದಿನದಿಂದ ಮೀನಾಕ್ಷಿಯದು ಅದೊಂದೇ ಪ್ರಶ್ನೆ.

"ನಿಂಗ್ಯಾಕ ಅಷ್ಟು ಚಿಂತೆ? ಮೂಲೆ ಗುಡಿಸು. ಯೂನಿಫಾರ್ಮ್ ಇನ್ನೂ ಬಂದಿಲ್ವಾ ನಿಂದು?"

ಅವಳು ತಲೆ ತಗ್ಗಿಸಿ ಮೂಲೆ ಗುಡಿಸಿದಳು.

ಮಧ್ಯಾಹ್ನ ಮ್ಯಾನೇಜರ್ ರುದ್ರಮುನಿ ಒಂದು ಕಟ್ಟು ಫಾರ್ಮು ತಂದರು. ರೋಗಿಗಳ ಅಭಿಪ್ರಾಯ. ಹೋದ ಸಲ ಅಂಕದಲ್ಲಿ ಆಸ್ಪತ್ರೆಯ ಹರಿಹರದ ಶಾಖೆಯೇ ಮುಂದಿತ್ತು. ಈ ಸಲ ದಾವಣಗೆರೆ ಸೋಲಬಾರದು.

"ಬರೆಯಾಕೆ ಬರ್ತದೇನಮ್ಮ?" ಎಂದು ಮೀನಾಕ್ಷಿಯನ್ನು ಕೇಳಿದರು.

"ಏಳನೇ ಕ್ಲಾಸ್ ತಂಕ ಓದೀನ್ರಿ."

"ಹಂಗಾದ್ರೆ ನೀನೇ ಕೇಳಿ ತುಂಬು."

ರೋಗಿಗಳಲ್ಲಿ ಒಬ್ಬಳಾದ ಆನೆಕೊಂಡದ ಗುಲ್ನಾಜ್ ನಕ್ಕಳು. "ಔಷಧ ಸರಿ ಐತೋ ಇಲ್ವೋ ನಂಗೇನ್ ಗೊತ್ತು ಬೇಟಿ? ಹಗಲೂ ನೀನೇ, ರಾತ್ರೀನೂ ನೀನೇ. ಮನೆಗಾದ್ರೂ ಹೋಗ್ತೀಯೋ ಇಲ್ಲೋ? ಹತ್ತಕ್ಕೆ ಹತ್ತು ಹಾಕ್ಕೋ."

ಎಲ್ಲರೂ ಹತ್ತು ಹಾಕಿಸಿದರು. ತಿಮ್ಮವ್ವ ಮಾತ್ರ, "ಡಾಕ್ಟ್ರು ನೋಡಿಲ್ಲ ಅಂತ ಬರಿ," ಎಂದಳು. ಮೀನಾಕ್ಷಿ ಹಾಗೆಯೇ ಬರೆದಳು.

ರುದ್ರಮುನಿ ಓದಿ, ಆ ಫಾರ್ಮನ್ನು ಹರಿದು ಜೇಬಿಗೆ ಹಾಕಿಕೊಂಡರು. "ಡಾಕ್ಟ್ರ ಮಾತು ಬಿಡವ್ವಾ. ಇಲ್ಲಿ ನಿನ್ನ ಚೆನ್ನಾಗಿ ನೋಡ್ಕೊಂಡಾರೋ ಇಲ್ಲೋ?"

ತಿಮ್ಮವ್ವ ಮೀನಾಕ್ಷಿಯ ಮುಖ ನೋಡಿದಳು. "ನೋಡ್ಕಂಡಾಳೆ. ಅದ್ರಾಗೆ ಸುಳ್ಳು ಹೇಳಬಾರ್ದು."

"ಅಷ್ಟು ಸಾಕು." ಹೊಸ ಫಾರ್ಮಿನ ಮೇಲೆ ಹೆಬ್ಬೆಟ್ಟು ಬಿತ್ತು.

ಎರಡು ದಿನ ಕಳೆಯಿತು. ಈ ವಾರ್ಡಿನ ಅಂಕಗಳಿಂದ ದಾವಣಗೆರೆಗೆ ಮೊದಲ ಸ್ಥಾನ. ರುದ್ರಮುನಿ ಶಾಲು ಹಿಡಿದು ಬಂದರು. ಜೊತೆಗೆ, ಆಸ್ಪತ್ರೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಯ ಫಜಲುಲ್ಲಾ.

"ನಿಮ್ಮ ಹುಡ್ಗಿ ನಮ್ಮ ಮಾನ ಉಳಿಸಿದ್ಲು ನೋಡ್ರಿ ಫಜಲುಲ್ಲಾ."

"ನಮ್ಮ ಹುಡ್ಗೀನಾ?" ಫಜಲುಲ್ಲಾ ಕಣ್ಣು ಕಿರಿದು ಮಾಡಿದ. "ನಿಮ್ಮ ಪರ್ಮನೆಂಟ್ ಸ್ಟಾಫ್ ಅಂದ್ಕೊಂಡಿದ್ದೆ ಸಾರ್."

ಇಬ್ಬರೂ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ಮೀನಾಕ್ಷಿಯ ಕಡೆ ನೋಡಿದರು. ಮೀನಾಕ್ಷಿ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ತಿಮ್ಮವ್ವ ನಮ್ಮವ್ವ ರೀ. ಸುಮ್ನೆ ಕುಂತ್ರೆ ಹೊರಗೆ ಹಾಕ್ತಿದ್ರಿ."

ಫಜಲುಲ್ಲಾ ಫೋಟೋಗೆಂದು ಎತ್ತಿದ್ದ ಫೋನು ಎತ್ತಿದಂತೆಯೇ ನಿಂತಿತು.

"ಶಾಲು ಬ್ಯಾಡ್ರಿ ಸಾರ್. ಡಾಕ್ಟ್ರಿಗೆ ಒಮ್ಮೆ ಬಂದು ಅವ್ವನ್ನ ನೋಡಾಕೆ ಹೇಳ್ರಿ."