ಗಾಜಿನ ಮೇಲಿನ ಗೆರೆ

ಸೀರೆ ಅಂಗಡಿಯ ಜಾರುಬಾಗಿಲಿನ ದೊಡ್ಡ ಗಾಜನ್ನು ಒರೆಸಿ ಮುಗಿಸಿದ ಫಕೀರಪ್ಪನಿಗೆ ಮತ್ತೆ ಅದೇ ಗೆರೆ ಕಂಡಿತು. ಕೂದಲೆಳೆಯಂಥದು, ಒರೆಸಿದರೆ ಹೋಗದು, ಉಜ್ಜಿದರೆ ಅಳಿಯದು. ಗಾಜು ಒರೆಸಲು ವಿಪರೀತ ಹೊತ್ತು ಹಿಡಿಯುತ್ತಾನೆಂದು ಉಳಿದ ಅಂಗಡಿಗಳೆಲ್ಲ ಅವನನ್ನು ಬಿಡಿಸಿದ್ದವು. ಈಗ ಇದೊಂದೇ ಗತಿ. ಗಿರಾಕಿ ಬರುವುದರೊಳಗೆ ಮುಗಿಯದಿದ್ದರೆ ನಾಳೆಯಿಂದ ಬರಬೇಡ ಎಂದು ಸಾವ್ಕಾರರು ಖಂಡಿತವಾಗಿ ಹೇಳಿಬಿಟ್ಟಿದ್ದರು.

ವೈಪರಿನ ರಬ್ಬರನ್ನು ಎಳೆದು ತೆಗೆದು, ಮಗ್ಗುಲು ತಿರುವಿ ಹಾಕಿದ. ಗೆರೆ ಹೋಗಲಿಲ್ಲ. ಮೆತ್ತನೆಯ ಹೊಸ ರಬ್ಬರ್ ತೊಡಿಸಿದ. ಆಗಲೂ ಹೋಗಲಿಲ್ಲ.

"ಸಾಕ್ ಬಿಡ್ರಿ. ಇಷ್ಟು ತಿಕ್ಕಿದ್ರ ಗಾಜು ಸವದು ಹೋದೀತು," ಎಂದಳು ಬಕೆಟ್ ಹಿಡಿದು ನಿಂತ ಹೆಂಡತಿ ನೀಲವ್ವ.

"ನಿನಗೇನ್ ತಿಳೀತೈತಿ? ರಬ್ಬರಿನ ತುದಿ ಗೀರಾಕತ್ತೈತಿ. ಅದನ್ನ ಓರೆ ಕೊಯ್ಯಬೇಕು."

ಅಂಗಡಿಯೊಳಗೆ ಒಂದೊಂದೇ ದೀಪ ಹತ್ತತೊಡಗಿದವು. ಫಕೀರಪ್ಪ ಗಾಜಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತು, ಬ್ಲೇಡು ಹಿಡಿದು ರಬ್ಬರಿನ ಎರಡೂ ತುದಿ ಕೊಯ್ದ. "ಶಿವನೇ, ಇದೊಂದು ಸಲ ಕೈ ಹಿಡಿ," ಎನ್ನುತ್ತ ಎದ್ದು ತಿರುಗಿದ.

"ನೋಡು, ಅಲ್ಲೇ ಐತಿ," ಎಂದು ಬಾಗಿಲಿನ ಕಡೆ ಬೆರಳು ಚಾಚಿದ. "ನಟ್ಟನಡುವ. ಇಷ್ಟು ಕಾಣಾಕತ್ತೈತಿ, ನಿನಗ್ಯಾಕ ಕಾಣವಲ್ದು?"

ನೀಲವ್ವ ಆ ಕಡೆ ನೋಡಲಿಲ್ಲ. ಬಕೆಟ್ ಕೆಳಗಿಟ್ಟು ಗಂಡನ ಮುಖವನ್ನೇ ನೋಡುತ್ತ ನಿಂತಳು.

"ನೀರು ತರಾಕ ನಾ ಆಗಲೇ ಬಾಗಿಲಾ ಸರಿಸೇನ್ರಿ," ಎಂದಳು. "ಅಲ್ಲಿ ಗಾಜೇ ಇಲ್ಲ."