ಗೋಡೆಗೆ ತಿರುಗಿದ ಹಿಡಿ

ಲೆನ್‌ನ ತವರದ ಮಗ್ಗಿನ ಹಿಡಿ ಗೋಡೆಯ ಕಡೆಗೆ ತಿರುಗಿತ್ತು. ಪಬ್ಬಿನೊಳಗೆ ಕಾಲಿಟ್ಟ ಆರ್ಚಿ ಬಾಗಿಲಲ್ಲೇ ನಿಂತುಬಿಟ್ಟ. ಯಾವುದೋ ಮುರುಕು ಹಡಗಿನಿಂದ ಕಿತ್ತು ತಂದ ಚಾವಣಿಯ ತೊಲೆಗೆ ಥೇಮ್ಸ್ ನದಿಯಲ್ಲಿ ಸರಕು ಸಾಗಿಸುವ ಬಾರ್ಜಿನವರ ಮಗ್ಗುಗಳು ಇನ್ನೂರು ವರ್ಷಗಳಿಂದ ತೂಗುತ್ತಿದ್ದವು. ಬದುಕಿರುವವರ ಮಗ್ಗಿನ ಹಿಡಿ ನದಿಯ ಕಡೆಗೆ, ಸತ್ತವರದು ಗೋಡೆಯ ಕಡೆಗೆ. ಮಂಜಿನಲ್ಲಿ ಬಾರ್ಜಿನಿಂದ ನೀರಿಗೆ ಬಿದ್ದ ಆರ್ಚಿಯ ತಮ್ಮ ಲೆನ್ ಸಿಕ್ಕಿರಲೇ ಇಲ್ಲ. ಅಂದು ಚುಕ್ಕಾಣಿ ಹಿಡಿದಿದ್ದವನು ಆರ್ಚಿ. ಮೂರು ವರ್ಷಗಳಿಂದ ದಿನಾ ಬಂದು, ನದಿಯತ್ತಲೇ ಇರುವ ಆ ಹಿಡಿ ನೋಡಿದ ಮೇಲೇ ಅವನು ಉಸಿರು ಬಿಡುತ್ತಿದ್ದ.

“ಏನಮ್ಮಾ, ಮಗ್ಗು ಒರೆಸೋಕೆ ಹೇಳಿದ್ರೆ ಮನುಷ್ಯನ್ನೇ ಸಾಯಿಸಿಬಿಡ್ತೀಯಾ?” ಎಂದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಜಾನಿಸ್ ಮೇಲೆ ಹರಿಹಾಯ್ದ.

“ನಾನು ಮುಟ್ಟೇ ಇಲ್ಲ ಸ್ವಾಮಿ. ಅಷ್ಟೆತ್ತರ ನನ್ನ ಕೈ ಎಟುಕುತ್ತಾ?”

ಹಿಡಿಯನ್ನು ಮತ್ತೆ ತಿರುಗಿಸಲು ಆರ್ಚಿ ತಾನೇ ಬೆಂಚು ಹತ್ತಿ ಕೈ ಚಾಚಿದ. ಮಗ್ಗುಗಳು ಒಂದಕ್ಕೊಂದು ತಗುಲಿ ಸದ್ದಾಯಿತು.

“ಬಿಡು ಆರ್ಚಿ,” ಎಂದಳು ಕಿಟಕಿಯ ಬಳಿ ಕೂತಿದ್ದ ಲೆನ್‌ನ ಹೆಂಡತಿ ಹಿಲ್ಡಾ. “ನಾನೇ ಬೆಂಚು ಹತ್ತಿ ತಿರುಗಿಸಿದ್ದು.”

“ನೀನಾ? ಹೇಗೆ ಮನಸ್ಸು ಬಂತು ನಿಂಗೆ?”

“ದಿನಾ ಬರ್ತೀಯ, ಆ ಮಗ್ಗು ನೋಡ್ತೀಯ, ಹೋಗ್ತೀಯ. ಒಂದಿನಾನಾದ್ರೂ ನನ್ನ ಮುಖ ನೋಡಿದ್ದೀಯಾ?” ಎದುರಿನ ಕುರ್ಚಿಯನ್ನು ಅವಳು ಕಾಲಿನಿಂದ ಮುಂದಕ್ಕೆ ತಳ್ಳಿದಳು. “ಬಾ, ಕೂತ್ಕೋ.”

ಆರ್ಚಿ ಬೆಂಚಿನಿಂದ ಇಳಿದ. ಕೂರುವ ಮೊದಲು, ತಮ್ಮನಿಗಾಗಿ ಟೋಪಿ ತೆಗೆದ.