ಕೈಗಡ

ಅಕ್ಕಪಕ್ಕದ ಮನೆಯಿಂದ ಏನಾದರೂ ಕೈಗಡ ತಂದು, ಹೇಳಿದ ಹೊತ್ತಿಗೆ ಹಿಂತಿರುಗಿಸಿದರೆ ಮಾತ್ರ ಫೋನಿನಲ್ಲಿ ಪ್ರತಿಯೊಬ್ಬರ ನಂಬಿಕೆಯ ಸ್ಕೋರ್ ಏರುತ್ತಿದ್ದ ಕಾಲ ಅದು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾಗಿದ್ದ ಚನ್ನವೀರಯ್ಯನವರು ಯಾರ ಮುಂದೆಯೂ ಕೈ ಚಾಚಿದವರಲ್ಲ. ಸುತ್ತಿಗೆಯಿಂದ ಏಣಿಯವರೆಗೆ ಎಲ್ಲವನ್ನೂ ಸ್ವಂತಕ್ಕೆ ಕೊಂಡಿಟ್ಟುಕೊಂಡಿದ್ದರು. ಹಾಗಾಗಿ ಅವರಿಗೆ ಸ್ಕೋರೇ ಇರಲಿಲ್ಲ. ಸ್ಕೋರ್ ಇಲ್ಲದಿದ್ದರೆ ಬಾಡಿಗೆ ಕರಾರು ಮುಂದುವರಿಯುವುದಿಲ್ಲವೆಂದು ಮನೆ ಮಾಲೀಕರು ಖಡಾಖಂಡಿತವಾಗಿ ಹೇಳಿದ ಮೇಲೆ, ಒಂದು ಸಂಜೆ ಬಟ್ಟಲು ಹಿಡಿದು ಎದುರುಮನೆಯ ಬಾಗಿಲು ತಟ್ಟಿದರು.

"ಹಾಲಿಗೆ ಹಾಕೋಕೆ ಸ್ವಲ್ಪ ಹೆಪ್ಪು ಬೇಕಿತ್ತಮ್ಮ."

ಲಲಿತಮ್ಮ ಬೆರಗಾದರು. "ನೀವಾ ಮೇಷ್ಟ್ರೇ! ನಾವೇ ಎಷ್ಟೋ ಸಲ ನಿಮ್ಮ ಏಣಿ ಕೇಳ್ಬೇಕು ಅಂದ್ಕೊಂಡಿದ್ವಿ. ನೀವು ಯಾರ ಹತ್ರನೂ ಏನೂ ಕೇಳಲ್ವಲ್ಲ, ಬೇಜಾರು ಮಾಡ್ಕೋತೀರೇನೋ ಅಂತ ಸುಮ್ಮನಾದ್ವಿ."

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರ ಮನೆಯ ಬಾಗಿಲನ್ನು ಒಬ್ಬರೂ ತಟ್ಟಿರಲಿಲ್ಲ. ಅವರು ಹೆಪ್ಪು ಹಿಡಿದು ಹೊರಟುಬಂದರು.

ಮರುದಿನ ಬೆಳಿಗ್ಗೆ ಬಟ್ಟಲಿನ ತುಂಬ ಗಟ್ಟಿ ಮೊಸರು ಒಯ್ದು ಕೊಟ್ಟರು. ಲಲಿತಮ್ಮ ಫೋನಿನಲ್ಲಿ 'ಮುಟ್ಟಿತು' ಎಂದು ಒತ್ತುತ್ತಲೇ ಮೇಷ್ಟ್ರ ಜೇಬಿನ ಫೋನು ಸದ್ದು ಮಾಡಿತು. ಕರಾರಿಗೆ ಸಾಕಾಗುವಷ್ಟು ಸ್ಕೋರ್ ಬಂದಿತ್ತು.

"ನಿಮ್ಮ ಕೆಲಸ ಆಯ್ತಲ್ಲ ಬಿಡಿ," ಎಂದು ಆಕೆ ನಗುತ್ತಾ ಬಾಗಿಲು ಮುಂದೆ ಮಾಡಹೋದರು.

ಮೇಷ್ಟ್ರು ಕದಲಲಿಲ್ಲ. "ಇನ್ನೂ ಒಂದೇನಾದ್ರೂ ಕೈಗಡ ಕೊಡ್ತೀರಾ?"

"ಏನ್ ಬೇಕಿತ್ತು?"

ಒಳಗಿನಿಂದ ಒಗ್ಗರಣೆಯ ಘಮ ಬರುತ್ತಿತ್ತು. ಯಾರೋ ಜೋರಾಗಿ ನಗುತ್ತಿದ್ದರು.

"ಏನಾದ್ರೂ ಸರಿ," ಎಂದರು ಮೇಷ್ಟ್ರು. "ಸಂಜೆ ತಂದುಕೊಡ್ತೀನಿ."